ಉಡುಪಿಯಿಂದ ಮುಕ್ತಿನಾಥಕ್ಕೆ ಬೈಕಿನಲ್ಲಿ: ಹಿಂದಿನ ಸೀಟಿನಿಂದ ಒಂದು ಸಮಗ್ರ ಮಾರ್ಗದರ್ಶಿ

ಸ್ವಂತ ಬೈಕಿನಲ್ಲಿ ದೇಶದ ಗಡಿ ದಾಟಬೇಕು ಎಂದು ಆಸೆಪಡುವ ಗಂಡ ಹೆಂಡತಿಗೆ ನಾನು ಮೊದಲು ಹೇಳುವ ಹೆಸರು ನೇಪಾಳ. ವೀಸಾ ಬೇಡ. ನಮ್ಮ ಲೈಸೆನ್ಸ್ ಅಲ್ಲಿ ನಡೆಯುತ್ತದೆ. ಓಡಿಸುವುದೂ ರಸ್ತೆಯ ಎಡಬದಿಯಲ್ಲೇ. ಬೇರೆ ಎಷ್ಟೋ ದೇಶಗಳಿಗೆ ಗಾಡಿ ಒಯ್ಯಬೇಕಾದರೆ ಕಾರ್ನೆ ಎಂಬ ದುಬಾರಿ ಕಾಗದ ಮಾಡಿಸಿ ದೊಡ್ಡ ಮೊತ್ತದ ಭದ್ರತೆ ಕೊಡಬೇಕು. ನೇಪಾಳಕ್ಕೆ ಅದೂ ಬೇಡ. ಉಡುಪಿ, ಮಂಗಳೂರಿನವರಿಗೆ ಇನ್ನೊಂದು ಸೆಳೆತವೂ ಇದೆ. ನಮ್ಮ ಮಠಗಳಲ್ಲಿ, ಎಷ್ಟೋ ಮನೆಗಳ ದೇವರ ಕೋಣೆಯಲ್ಲಿ ಪೂಜೆ ಮಾಡುವ ಸಾಲಿಗ್ರಾಮ ಸಿಗುವುದು ಅಲ್ಲಿನ ಕಾಳಿಗಂಡಕಿ ನದಿಯಲ್ಲಿ. ಆ ನದಿಯ ದಂಡೆ ಹಿಡಿದೇ ಹಿಮಾಲಯದ ಪುಣ್ಯಸ್ಥಳವಾದ ಮುಕ್ತಿನಾಥದ ರಸ್ತೆ ಏರುತ್ತದೆ.

ನಾನು ಹಿಂದಿನ ಸೀಟಿನಲ್ಲಿ ಕೂತು ಹೋದವಳು. ಬೈಕ್ ಪ್ರವಾಸದ ಲೆಕ್ಕಾಚಾರವನ್ನೆಲ್ಲ ಸಾಮಾನ್ಯವಾಗಿ ಹ್ಯಾಂಡಲ್ ಹಿಡಿದವರೇ ಮಾಡುತ್ತಾರೆ. ಜೋಡಿಯಾಗಿ ಹೋಗುವಾಗ ಅದು ಸಾಲದು. ದಿನಕ್ಕೆ ಎಷ್ಟು ದೂರ, ಎಲ್ಲಿ ನಿಲ್ಲಬೇಕು, ಯಾವಾಗ ಸಾಕು ಎಂಬುದನ್ನು ಹಿಂದೆ ಕೂತವರ ಬೆನ್ನು, ಸೊಂಟ ನೋಡಿ ತೀರ್ಮಾನ ಮಾಡಬೇಕು. ಓಡಿಸುವವರಿಗೆ ಮುಂದಿನ ಹೊಂಡ ಕಾಣುತ್ತದೆ, ಮೈ ತಾನಾಗಿ ತಯಾರಾಗುತ್ತದೆ. ಹಿಂದಿನವರಿಗೆ ಅದು ಬಡಿದ ಮೇಲೆಯೇ ಗೊತ್ತಾಗುವುದು.

ಯಾವಾಗ ಹೊರಡಬೇಕು

ಅಕ್ಟೋಬರ್ ನಡುವಿನಿಂದ ನವೆಂಬರ್ ಕೊನೆಯವರೆಗೆ ಒಳ್ಳೆಯ ಕಾಲ. ಆಕಾಶ ತಿಳಿಯಾಗಿರುತ್ತದೆ, ಹಿಮದ ಬೆಟ್ಟಗಳು ಕಾಣುತ್ತವೆ, ರಸ್ತೆ ಒಣಗಿರುತ್ತದೆ. ಎರಡನೆಯ ಆಯ್ಕೆ ಮಾರ್ಚ್, ಏಪ್ರಿಲ್. ಡಿಸೆಂಬರ್‌ನಿಂದ ಫೆಬ್ರವರಿವರೆಗೆ ಮೇಲೆ ಹಿಮ, ಮಂಜುಗಡ್ಡೆ.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬೇಡವೇ ಬೇಡ. ಮಳೆ ನಮಗೆ ಹೊಸದಲ್ಲ, ಆದರೆ ಅಲ್ಲಿನ ಅಪಾಯ ಮಳೆಯಲ್ಲ, ಕುಸಿಯುವ ಗುಡ್ಡ. 2024ರ ಜುಲೈ 12ರಂದು ನಾರಾಯಣಘಾಟ್–ಮುಗ್ಲಿಂಗ್ ರಸ್ತೆಯ ಸಿಮಲ್ತಾಲ್‌ನಲ್ಲಿ ಗುಡ್ಡ ಜರಿದು ಎರಡು ಬಸ್ಸುಗಳನ್ನು ಪ್ರಯಾಣಿಕರ ಸಮೇತ ತ್ರಿಶೂಲಿ ನದಿಗೆ ತಳ್ಳಿತು. ಕಾಠ್ಮಂಡುವಿಗೆ ಹೋಗುವ ಮುಖ್ಯ ರಸ್ತೆಗಳಲ್ಲಿ ಅದೂ ಒಂದು.

ಅಕ್ಟೋಬರ್‌ನಲ್ಲಿ ಹೋಗುವವರು ಬಂಗಾಳ ಕೊಲ್ಲಿಯ ಚಂಡಮಾರುತದ ಸುದ್ದಿ ನೋಡಿಕೊಳ್ಳಿ. ಅಲ್ಲಿಗೂ ಇಲ್ಲಿಗೂ ಏನು ಸಂಬಂಧ ಅನ್ನಿಸಬಹುದು. 2014ರ ಅಕ್ಟೋಬರ್‌ನಲ್ಲಿ ವಿಶಾಖಪಟ್ಟಣಕ್ಕೆ ಬಡಿದ ಹುದ್‌ಹುದ್ ಚಂಡಮಾರುತವೇ ಎರಡು ದಿನಗಳ ನಂತರ ಅನ್ನಪೂರ್ಣಾ ಬೆಟ್ಟಗಳಲ್ಲಿ ಭಾರೀ ಹಿಮ ಸುರಿಸಿತು. ಮುಕ್ತಿನಾಥದ ನೆತ್ತಿಯ ಮೇಲಿರುವ ಥೊರಾಂಗ್ ಲಾ ಕಣಿವೆದಾರಿಯ ಸುತ್ತಮುತ್ತ 40ಕ್ಕೂ ಹೆಚ್ಚು ಜನ ಸತ್ತರು. ಕೊಲ್ಲಿಯಲ್ಲಿ ಚಂಡಮಾರುತ ಎದ್ದಿದೆ ಎಂದು ಗೊತ್ತಾದರೆ ಬೆಟ್ಟದ ಕೆಳಗಿನ ಪೋಖರಾ ನಗರದಲ್ಲೇ ಉಳಿಯಿರಿ.

ನಮ್ಮ ನವರಾತ್ರಿಯೇ ಅಲ್ಲಿನ ದಶೈಂ. ಊರಿಗೆ ಊರೇ ಮನೆ ಸೇರುತ್ತದೆ, ಅಂಗಡಿ ಗರಾಜುಗಳು ಮುಚ್ಚಿರುತ್ತವೆ. ವಿಜಯದಶಮಿ ಕಳೆದು ನಾಲ್ಕೈದು ದಿನವಾದ ಮೇಲೆ ಗಡಿ ದಾಟಿದರೆ ಒಳ್ಳೆಯದು.

ಎಷ್ಟು ಸವಾರಿ, ಎಷ್ಟು ರೈಲು

ಇದನ್ನು ಇಬ್ಬರೂ ಕೂತು ಮಾತಾಡಿ. ಉಡುಪಿಯಿಂದ ಉತ್ತರ ಪ್ರದೇಶದ ಸುನೌಲಿ ಗಡಿಗೆ ಎರಡು ಸಾವಿರಕ್ಕೂ ಹೆಚ್ಚು ಕಿಲೋಮೀಟರ್. ಕುಂದಾಪುರ, ಅಂಕೋಲಾ ದಾಟಿ ಅರಬೈಲು ಘಾಟಿ ಹತ್ತಿ ಹುಬ್ಬಳ್ಳಿ. ಅಲ್ಲಿಂದ ವಿಜಯಪುರ, ಸೊಲ್ಲಾಪುರ, ತುಳಜಾಪುರ, ನಾಂದೇಡ್, ಯವತ್ಮಾಳ್, ನಾಗ್ಪುರ. ಮುಂದೆ ಸಿವನಿ, ಜಬಲ್ಪುರ, ರೀವಾ, ಪ್ರಯಾಗರಾಜ್, ಗೋರಖ್‌ಪುರ. ಇಬ್ಬರು ಕೂತ ಬೈಕಿಗೆ ಬಯಲಿನಲ್ಲಿ ದಿನಕ್ಕೆ 300 ಕಿಲೋಮೀಟರ್ ಸಾಕು. ಒಬ್ಬರೇ ಹೋಗುವವರು 500 ಓಡಿಸಿದೆವು ಎನ್ನುತ್ತಾರೆ, ಆ ಲೆಕ್ಕ ನಿಮಗೆ ಬೇಡ. ಹಾಗಾಗಿ ಪೂರ್ತಿ ರಸ್ತೆಯಲ್ಲೇ ಹೋಗಿ ಬರಲು 25 ದಿನವಾದರೂ ರಜೆ ಬೇಕು.

ಅಷ್ಟು ರಜೆ ಸಿಗದವರಿಗೆ ರೈಲು ಇದೆ. ಮಂಗಳಾ ಲಕ್ಷದ್ವೀಪ ಎಕ್ಸ್‌ಪ್ರೆಸ್ ಮಂಗಳೂರು ಜಂಕ್ಷನ್, ಉಡುಪಿ ಮೂಲಕ ದಿಲ್ಲಿಯ ನಿಜಾಮುದ್ದೀನ್‌ಗೆ ಹೋಗುತ್ತದೆ. ಬೈಕನ್ನು ಪಾರ್ಸೆಲ್ ಕಚೇರಿಯಲ್ಲಿ ಬುಕ್ ಮಾಡಬೇಕು. ರೈಲು ತುಸು ಹೊತ್ತು ಮಾತ್ರ ನಿಲ್ಲುವ ಸ್ಟೇಷನ್‌ಗಳಲ್ಲಿ ಬೈಕ್ ಹತ್ತಿಸುವುದು ಕಷ್ಟ. ಆದ್ದರಿಂದ ಮಂಗಳೂರಿನ ಪಾರ್ಸೆಲ್ ಕಚೇರಿಯಲ್ಲಿ ವಿಚಾರಿಸಿ. ಆರ್‌ಸಿ ಮತ್ತು ಗುರುತಿನ ಚೀಟಿಯ ಪ್ರತಿ ಬೇಕು, ಟ್ಯಾಂಕಿನ ಪೆಟ್ರೋಲ್ ಪೂರ್ತಿ ಖಾಲಿ ಮಾಡಬೇಕು. ಕನ್ನಡಿ ಬಿಚ್ಚಿ ಚೀಲಕ್ಕೆ ಹಾಕಿ, ಟ್ಯಾಂಕ್, ಹೆಡ್‌ಲೈಟಿಗೆ ಗೋಣಿ ಸುತ್ತಿಸಿ. ಬೈಕ್ ನಿಮ್ಮ ರೈಲಿನಲ್ಲೇ ಬರುತ್ತದೆ ಎಂಬ ಖಾತ್ರಿ ಇರುವುದಿಲ್ಲ, ದಿಲ್ಲಿಯಲ್ಲಿ ಒಂದೆರಡು ದಿನ ಕೈಯಲ್ಲಿರಲಿ. ಅಲ್ಲಿಂದ ಉತ್ತರಾಖಂಡದ ಬನ್‌ಬಸಾ ಗಡಿ ಸುಮಾರು 330 ಕಿಲೋಮೀಟರ್. ಆ ಕಡೆಯಿಂದ ಒಳಹೊಕ್ಕರೆ ನೇಪಾಳದ ಮಹೇಂದ್ರ ಹೆದ್ದಾರಿಯಲ್ಲಿ, ಬರ್ದಿಯಾ ಕಾಡಿನ ಪಕ್ಕದಲ್ಲಿ ಹಾದು ಪೋಖರಾ ದಾರಿಯ ಬುಟ್ವಲ್ ಸೇರಬಹುದು. ಸೊಂಟ ನೋವಿರುವವರಿಗೆ ನಾನು ಹೇಳುವುದು ಈ ದಾರಿಯನ್ನೇ. ಶಕ್ತಿಯನ್ನು ಬೆಟ್ಟಕ್ಕೆ ಉಳಿಸಿಕೊಂಡಂತಾಗುತ್ತದೆ.

ಹತ್ತೇ ದಿನ ಇದ್ದರೆ ದಿಲ್ಲಿ ಮೂಲಕ ಕಾಠ್ಮಂಡುವಿಗೆ ವಿಮಾನದಲ್ಲಿ ಹೋಗಿ, ಅಲ್ಲಿಯೋ ಪೋಖರಾದಲ್ಲಿಯೋ ಬೈಕ್ ಬಾಡಿಗೆಗೆ ತೆಗೆದುಕೊಳ್ಳಿ. ಗಾಡಿಯ ಪ್ರತಿ ಗೀರನ್ನೂ ವಿಡಿಯೋ ಮಾಡಿಟ್ಟುಕೊಳ್ಳಿ. ಒತ್ತೆಯಾಗಿ ಪಾಸ್‌ಪೋರ್ಟ್ ಕೊಡಬೇಡಿ, ನಗದು ಠೇವಣಿಗೆ ಒಪ್ಪಿಸಿ.

ಬೈಕ್ ತಯಾರಿ

350 ಸಿಸಿಯ ಮೇಲಿನ ಯಾವ ಬೈಕೂ ಆಗುತ್ತದೆ. ಸಿಸಿಗಿಂತ ಮುಖ್ಯವಾದ ಅಂಕಿ ಕೈಪಿಡಿಯಲ್ಲಿರುತ್ತದೆ: ಬೈಕ್ ಒಟ್ಟು ಎಷ್ಟು ಭಾರ ಹೊರಬಹುದು ಎಂಬುದು. ಇಬ್ಬರ ತೂಕ, ಜಾಕೆಟ್ಟು, ಹೆಲ್ಮೆಟ್ಟು, ಸಾಮಾನು ಎಲ್ಲ ಕೂಡಿಸಿ ನೋಡಿ. ಜಾಸ್ತಿಯಾದರೆ ಕಮ್ಮಿ ಮಾಡಬೇಕಾದದ್ದು ಸಾಮಾನನ್ನು.

ಭಾರ ಹೇರಿದ ಮೇಲೆ ಹಿಂದಿನ ಟಯರಿಗೆ ಕೈಪಿಡಿಯಲ್ಲಿ ಇಬ್ಬರಿಗೆ ಎಂದು ಹೇಳಿದಷ್ಟು ಗಾಳಿ ಹಾಕಿಸಿ. ಹಿಂದಿನ ಶಾಕ್‌ನ ಸ್ಪ್ರಿಂಗನ್ನು ಬಿಗಿ ಮಾಡಿಸಿ. ಹಿಂಭಾಗ ಕುಸಿದರೆ ಹೆಡ್‌ಲೈಟ್ ಆಕಾಶ ನೋಡುತ್ತದೆ, ಅದನ್ನೂ ತಗ್ಗಿಸಿ. ನಮ್ಮ ಕರಾವಳಿಯ ಉಪ್ಪುಗಾಳಿ, ಮಳೆಗಾಲ ಎರಡೂ ಸೇರಿ ಬೈಕಿಗೆ ಏನು ಮಾಡುತ್ತವೆ ಎಂದು ನಿಮಗೆ ಗೊತ್ತೇ ಇದೆ. ಚೈನ್, ಕ್ಲಚ್ ಕೇಬಲ್, ವೈರುಗಳ ಜೋಡಣೆ, ಬ್ಯಾಟರಿಯ ತುದಿ ಇವುಗಳ ತುಕ್ಕು ಬಿಡಿಸಿ, ಸಂಶಯ ಬಂದದ್ದನ್ನು ಬದಲಿಸಿ. ಬ್ರೇಕ್ ಪ್ಯಾಡ್ ಅರ್ಧ ಸವೆದಿದ್ದರೂ ಹೊಸದು ಹಾಕಿ, ಒಂದು ಜೊತೆ ಕೈಯಲ್ಲೂ ಇರಲಿ. ಪಂಕ್ಚರ್ ಸಾಮಗ್ರಿ, ಗಾಳಿ ಪಂಪು, ಕ್ಲಚ್ ಮತ್ತು ಬ್ರೇಕ್ ಲಿವರ್, ಕ್ಲಚ್ ಕೇಬಲ್, ಫ್ಯೂಸು, ಚೈನಿಗೆ ಹಾಕುವ ಎಣ್ಣೆ ಜೊತೆಗಿರಲಿ. ಕಾರ್ಬುರೇಟರ್ ಇರುವ ಹಳೆಯ ಬೈಕು ಎತ್ತರದಲ್ಲಿ ತೆಳು ಗಾಳಿಗೆ ಏದುತ್ತದೆ, ಫ್ಯೂಯಲ್ ಇಂಜೆಕ್ಷನ್ ಇರುವುದಕ್ಕೆ ಆ ಕಷ್ಟ ಕಡಿಮೆ.

ಹಿಂದಿನ ಸೀಟಿಗೆ ದುಡ್ಡು ಹಾಕಲು ಹಿಂದೆಮುಂದೆ ನೋಡಬೇಡಿ. ಕಂಪನಿ ಕೊಟ್ಟ ಸೀಟಿನ ಫೋಮು ಎರಡು ಗಂಟೆಯಲ್ಲಿ ಸೋಲುತ್ತದೆ. ಒಳ್ಳೆಯ ಕುಶನ್ ಹೊಲಿಸುವವರು ಉಡುಪಿ, ಮಂಗಳೂರು ಎರಡೂ ಕಡೆ ಇದ್ದಾರೆ. ಬೆನ್ನಿಗೆ ಆಸರೆಯಾಗುವ ಹಾಗೆ ಹಿಂದೆ ಪೆಟ್ಟಿಗೆಯೋ ಕಟ್ಟಿದ ಚೀಲವೋ ಇರಲಿ. ಹಿಡಿದುಕೊಳ್ಳಲು ಎರಡೂ ಬದಿಗೆ ಕಂಬಿ ಬೇಕೇ ಬೇಕು.

ಅಭ್ಯಾಸ, ಇಬ್ಬರಿಗೂ

ಪೂರ್ತಿ ಸಾಮಾನು ಕಟ್ಟಿಕೊಂಡು ಆಗುಂಬೆ ಘಾಟಿ ಹತ್ತಿ ಇಳಿಯಿರಿ. ಸೋಮೇಶ್ವರದಿಂದ ಮೇಲಕ್ಕೆ 14 ಕಡಿದಾದ ತಿರುವುಗಳು. ಇಳಿಯುವಾಗ ಎರಡನೆಯ ಗೇರಿನಲ್ಲಿ ಎಂಜಿನ್ನೇ ವೇಗ ತಗ್ಗಿಸಲಿ, ಬ್ರೇಕನ್ನೇ ಒತ್ತುತ್ತಿದ್ದರೆ ಅದು ಕಾದು ಕೈಕೊಡುತ್ತದೆ. ಹಿಂದೆ ಕೂತವರು ತಿರುವಿನಲ್ಲಿ ಬೈಕ್ ವಾಲಿದ ಕಡೆಗೇ ವಾಲಬೇಕು. ಎಡ ತಿರುವಾದರೆ ಓಡಿಸುವವರ ಎಡ ಭುಜದ ಮೇಲಿಂದ ರಸ್ತೆ ನೋಡಿ, ಮೈ ತಾನೇ ಸರಿಯಾಗಿ ವಾಲುತ್ತದೆ. ಇಳಿಜಾರಿನಲ್ಲಿ ಮುಂದಕ್ಕೆ ಜಾರಿ ಅವರ ಬೆನ್ನಿಗೆ ಭಾರ ಹಾಕಬೇಡಿ, ಒಂದು ಕೈಯನ್ನು ಟ್ಯಾಂಕಿಗೆ ಒತ್ತಿ ಹಿಡಿಯಿರಿ.

ಆಮೇಲೆ ಸಾಲಾಗಿ ಎರಡು ದಿನದ ಸವಾರಿ ಮಾಡಿ. ಕಾರ್ಕಳ, ಕುದುರೆಮುಖ, ಚಿಕ್ಕಮಗಳೂರು, ಅಲ್ಲೇ ರಾತ್ರಿ ಉಳಿದು ಮರುದಿನ ಚಾರ್ಮಾಡಿ ಇಳಿದು ವಾಪಸ್. ಎರಡನೆಯ ಬೆಳಿಗ್ಗೆ ಹಿಂದಿನವರಿಗೆ ಮತ್ತೆ ಸೀಟು ಹತ್ತಲು ಮನಸ್ಸು ಬರುತ್ತದಾ ನೋಡಿ. ಬರದಿದ್ದರೆ ಏನು ನೋಯುತ್ತಿದೆ ಎಂದು ಕೇಳಿ, ಸೀಟೋ ಕಾಲಿಡುವ ಪೆಗ್ಗೋ ಸರಿ ಮಾಡಿಸಿ, ಮತ್ತೆ ಹೋಗಿ.

ಸನ್ನೆಗಳನ್ನು ಈಗಲೇ ನಿಗದಿ ಮಾಡಿಕೊಳ್ಳಿ. ಭುಜಕ್ಕೆ ಒಂದು ತಟ್ಟು ಅಂದರೆ ಜಾಗ ಸಿಕ್ಕಾಗ ನಿಲ್ಲಿಸಿ, ಎರಡು ತಟ್ಟು ಅಂದರೆ ಈಗಲೇ. ಈಗಲೇ ಎಂದಾಗ ಯಾಕೆ ಎಂದು ಕೇಳಬಾರದು. ಹೆಲ್ಮೆಟ್ಟಿಗೆ ಇಂಟರ್‌ಕಾಮ್ ಹಾಕಿಸಿದರೆ ಇನ್ನೂ ಒಳ್ಳೆಯದು. ಮುಂದಿನ ಹೊಂಡ, ಉಬ್ಬು ಹೇಳುತ್ತಾ ಹೋದರೆ ಹಿಂದಿನವರ ಬೆನ್ನು ಉಳಿಯುತ್ತದೆ. ಮಧ್ಯಾಹ್ನ ಊಟದ ನಂತರ ಹಿಂದೆ ಕೂತವರಿಗೆ ಜೋಂಪು ಹತ್ತುವುದು ನಿಜವಾದ ಅಪಾಯ, ಆಗ ಮಾತಾಡಿಸುತ್ತಿರಬೇಕು.

ಕಾಗದಪತ್ರ

ಪಾಸ್‌ಪೋರ್ಟ್ ಅಥವಾ ಮತದಾರರ ಗುರುತಿನ ಚೀಟಿ, ಇಬ್ಬರದ್ದೂ ಮೂಲಪ್ರತಿ. ಆಧಾರ್ ನಂಬಿ ಹೊರಡಬೇಡಿ. ಲೈಸೆನ್ಸ್, ಆರ್‌ಸಿ, ಹೊಗೆ ತಪಾಸಣೆಯ ಚೀಟಿ, ವಿಮೆ. ಡಿಜಿಲಾಕರ್ ಇಲ್ಲಿ ನಡೆಯುತ್ತದೆ, ಅಲ್ಲಿ ಕೈಯಲ್ಲಿ ಕಾಗದವೇ ಬೇಕು. ಆರ್‌ಸಿ ಓಡಿಸುವವರ ಹೆಸರಿನಲ್ಲೇ ಇದ್ದರೆ ಒಳ್ಳೆಯದು, ಬೇರೆಯವರದ್ದಾದರೆ ಅವರ ಒಪ್ಪಿಗೆ ಪತ್ರ ಇರಲಿ.

ಬಹಳ ಜನ ಮರೆಯುವುದು ವಿಮೆಯನ್ನು. ನಿಮ್ಮ ಬೈಕಿನ ವಿಮೆ ಸಾಮಾನ್ಯವಾಗಿ ಭಾರತದ ಒಳಗೆ ಮಾತ್ರ. ನೇಪಾಳ, ಭೂತಾನ್, ಬಾಂಗ್ಲಾದೇಶ, ಶ್ರೀಲಂಕಾದಂಥ ನೆರೆ ದೇಶಗಳಿಗೆ ಅದನ್ನು ಹೆಚ್ಚುವರಿ ಕಂತು ಕಟ್ಟಿ ವಿಸ್ತರಿಸಿಕೊಳ್ಳಬಹುದು. ಹೊರಡುವ ಎರಡು ವಾರ ಮೊದಲು ವಿಮಾ ಕಚೇರಿಗೆ ಹೋಗಿ ಕೇಳಿ, ಪಾಲಿಸಿಯ ಮೇಲೆ ಬರೆಸಿಕೊಳ್ಳಿ. ಪ್ರವಾಸ ವಿಮೆ ಬೇರೆ ಮಾಡಿಸಿ. ಬೈಕಿನ ಹಿಂದೆ ಕೂತವರಿಗೂ ಅದು ಅನ್ವಯವಾಗುತ್ತದೆಯೇ, ಎಷ್ಟು ಎತ್ತರದವರೆಗೆ, ಹೆಲಿಕಾಪ್ಟರ್ ಖರ್ಚು ಸೇರಿದೆಯೇ ಎಂದು ಓದಿ ನೋಡಿ.

ಎಲ್ಲ ಕಾಗದದ ಎರಡೆರಡು ಪ್ರತಿ, ಪಾಸ್‌ಪೋರ್ಟ್ ಅಳತೆಯ ಫೋಟೋ ಇರಲಿ. ಮೂಲ ಒಬ್ಬರ ಹತ್ತಿರ, ಪ್ರತಿ ಇನ್ನೊಬ್ಬರ ಹತ್ತಿರ. ಕಾಗದ, ದುಡ್ಡು, ನಕ್ಷೆ ಈ ಮೂರನ್ನೂ ಹಿಂದೆ ಕೂತವರೇ ನೋಡಿಕೊಂಡರೆ ಓಡಿಸುವವರ ತಲೆ ಹಗುರವಾಗಿರುತ್ತದೆ.

ಸಾಮಾನು

ಇಬ್ಬರಿಗೆ ಎರಡು ಸ್ಯಾಡಲ್ ಬ್ಯಾಗ್, ಒಂದು ಸಣ್ಣ ಚೀಲ. ತಲಾ ಮೂರು ಜೊತೆ ಬಟ್ಟೆ ಸಾಕು, ಒಗೆದು ಹಾಕಿಕೊಳ್ಳಬಹುದು. ಕರಾವಳಿಯವರ ಕಪಾಟಿನಲ್ಲಿ ಸಿಗದ ವಸ್ತು ಬೆಚ್ಚನೆಯ ಬಟ್ಟೆ. ಅದನ್ನು ಇಲ್ಲಿ ಹುಡುಕುತ್ತಾ ಅಲೆಯಬೇಡಿ, ಪೋಖರಾದ ಲೇಕ್‌ಸೈಡ್‌ನಲ್ಲಿ ಧಾರಾಳ ಸಿಗುತ್ತದೆ. ಹೆಲ್ಮೆಟ್, ಗ್ಲೌಸು, ಮೊಣಕಾಲು ಮೊಣಕೈಗೆ ರಕ್ಷೆ ಇರುವ ಜಾಕೆಟ್ಟು, ಗಟ್ಟಿ ಬೂಟು ಇಬ್ಬರಿಗೂ ಒಂದೇ ಗುಣಮಟ್ಟದ್ದಾಗಿರಲಿ. ಓಡಿಸುವವರಿಗೆ ದುಬಾರಿ ಜಾಕೆಟ್ಟು, ಹಿಂದಿನವರಿಗೆ ಸುಮ್ನೆ ಒಂದು ಸ್ವೆಟರ್ ಎಂಬ ದೃಶ್ಯವನ್ನು ಹೆದ್ದಾರಿಯಲ್ಲಿ ಎಷ್ಟೋ ಸಲ ನೋಡಿದ್ದೇನೆ. ಬಿದ್ದರೆ ಇಬ್ಬರೂ ಬೀಳುವುದು ಅದೇ ರಸ್ತೆಗೆ, ಅಲ್ವಾ?

ಹೆಂಗಸರು ಪ್ಯಾಡು, ಕಾಗದದ ಸೋಪು, ಟಿಶ್ಯೂ ಸಾಕಷ್ಟು ಇಟ್ಟುಕೊಳ್ಳಿ. ಶೌಚಾಲಯ ಸಿಗುವುದಿಲ್ಲ ಎಂದು ನೀರು ಕುಡಿಯದೆ ಕೂರಬೇಡಿ, ಎತ್ತರದಲ್ಲಿ ಅದು ತಲೆನೋವಿಗೆ ನೇರ ದಾರಿ. ಬಯಲಿನಲ್ಲಿ ಗಂಟೆಗೊಮ್ಮೆ ಪೆಟ್ರೋಲ್ ಬಂಕಿನಲ್ಲಿ, ಬೆಟ್ಟದಲ್ಲಿ ಊಟದ ಮನೆಗಳಲ್ಲಿ ನಿಲ್ಲಿ.

ಗಡಿಯಲ್ಲಿ

ಸುನೌಲಿಯ ಆಚೆ ಬದಿಯ ಹೆಸರು ಬೆಲಹಿಯಾ. ಬೆಳಿಗ್ಗೆ ಬೇಗ ತಲುಪಿ, ಮಧ್ಯಾಹ್ನ ಲಾರಿಗಳ ಸಾಲು ಬೆಳೆಯುತ್ತದೆ. ಭಾರತದ ಗಾಡಿಗೆ ದಿನದ ಲೆಕ್ಕದಲ್ಲಿ ಸುಂಕ ಕಟ್ಟಬೇಕು, ಅದನ್ನು ಅಲ್ಲಿ ಭಂಸಾರ್ ಎನ್ನುತ್ತಾರೆ. ಅದರ ಜೊತೆ ಸಾರಿಗೆ ಇಲಾಖೆಯ ರಸ್ತೆ ಪರವಾನಗಿ. ಏಜೆಂಟರು ಸುತ್ತುವರಿಯುತ್ತಾರೆ. ನೀವೇ ಕಿಟಕಿಗೆ ಹೋದರೂ ಕೆಲಸ ಆಗುತ್ತದೆ, ಹಿಂದಿ ಸಾಕು. ಅಂದುಕೊಂಡದ್ದಕ್ಕಿಂತ ಎರಡು ಮೂರು ದಿನ ಜಾಸ್ತಿಗೇ ಭಂಸಾರ್ ಕಟ್ಟಿ. ಗುಡ್ಡ ಜರಿದು ಒಂದು ದಿನ ಸಿಕ್ಕಿಹಾಕಿಕೊಂಡರೂ ದಂಡ ಬೀಳುವುದಿಲ್ಲ. ಬೇರೆ ಗಡಿಯಿಂದ ವಾಪಸಾಗುವುದಿದ್ದರೆ ಅದನ್ನು ಇಲ್ಲೇ ಹೇಳಿ. ಆ ಚೀಟಿ ದಾರಿಯುದ್ದಕ್ಕೂ ಪೊಲೀಸರು ಕೇಳುವ ಮೊದಲ ಕಾಗದ.

ನಮ್ಮ 100 ರೂಪಾಯಿಗೆ ಅಲ್ಲಿ 160 ರೂಪಾಯಿ, 1993ರಿಂದ ಇದೇ ದರ. ಗಡಿಯಲ್ಲೇ ಸ್ವಲ್ಪ ಬದಲಿಸಿಕೊಳ್ಳಿ, ಉಳಿದದ್ದಕ್ಕೆ 100ರ ನೋಟುಗಳನ್ನು ಒಯ್ಯಿರಿ. 2024ರ ಮಾರ್ಚ್‌ನಿಂದ ನೇಪಾಳದ ಅಂಗಡಿಗಳಲ್ಲಿ ಯುಪಿಐ ಕೂಡ ನಡೆಯುತ್ತದೆ. ಆದರೆ ಬೆಟ್ಟದ ಮೇಲೆ ನಗದನ್ನೇ ನಂಬಿ. ಸಿಮ್ ತೆಗೆದುಕೊಳ್ಳುವಾಗ ನೇಪಾಳ ಟೆಲಿಕಾಂನದ್ದು ಒಂದಾದರೂ ಇರಲಿ, ಒಳಗಿನ ಬೆಟ್ಟಗಳಲ್ಲಿ ಅದೇ ಚೆನ್ನಾಗಿ ಸಿಗುತ್ತದೆ. ಗಡಿಯಾರ 15 ನಿಮಿಷ ಮುಂದಿಡಿ.

ಪೋಖರಾ ಮತ್ತು ಅಲ್ಲಿಂದ ಮೇಲೆ

ಗಡಿ ದಾಟಿದ ಕೂಡಲೇ ಸಿಗುವ ಭೈರಹವಾದಿಂದ ಲುಂಬಿನಿ ಹತ್ತಿರ, ಬುದ್ಧ ಹುಟ್ಟಿದ ಜಾಗ ನೋಡದೆ ಹೋಗಬೇಡಿ. ಮುಂದೆ ಬುಟ್ವಲ್ ದಾಟಿದ ಕೂಡಲೇ ಬೆಟ್ಟ ಶುರು. ಸಿದ್ಧಾರ್ಥ ಹೆದ್ದಾರಿಯಲ್ಲಿ ಗಡಿಯಿಂದ ಪೋಖರಾಕ್ಕೆ ಸುಮಾರು 180 ಕಿಲೋಮೀಟರ್. ನಕ್ಷೆ ನೋಡಿ ಅರ್ಧ ದಿನ ಅಂದುಕೊಳ್ಳಬೇಡಿ. ಇಲ್ಲಿಂದ ಮುಂದೆ ಕಿಲೋಮೀಟರ್ ಲೆಕ್ಕ ಬಿಟ್ಟು ಗಂಟೆಯ ಲೆಕ್ಕ ಹಿಡಿಯಿರಿ. ನಡುವೆ ತಾನ್ಸೆನ್‌ನಲ್ಲಿ ರಾತ್ರಿ ಉಳಿದರೆ ಬೆನ್ನಿಗೂ ಹಿತ, ಊರೂ ಚೆನ್ನಾಗಿದೆ.

ಪೋಖರಾದಲ್ಲಿ ಎರಡು ರಾತ್ರಿ ನಿಲ್ಲಿ. ಬೈಕ್ ತೋರಿಸಿ, ಚೈನ್ ಬಿಗಿ ಮಾಡಿಸಿ. ಅನ್ನಪೂರ್ಣಾ ಸಂರಕ್ಷಣಾ ಪ್ರದೇಶದ ಪರವಾನಗಿಯನ್ನು ಇಲ್ಲೇ ಮಾಡಿಸಿಕೊಳ್ಳಿ, ಭಾರತವೂ ಸೇರಿದ ಸಾರ್ಕ್ ದೇಶದವರಿಗೆ ಶುಲ್ಕ ಕಡಿಮೆ. ದಾರಿಯಲ್ಲಿ ಸಿಗುವ ಕಾಗ್‌ಬೇನಿ ಹಳ್ಳಿಯಿಂದ ಆಚೆಗಿನ ಮೇಲಿನ ಮುಸ್ತಾಂಗ್‌ಗೆ ಬೇರೆಯೇ ದುಬಾರಿ ಪರವಾನಗಿ ಬೇಕು, ಮುಕ್ತಿನಾಥಕ್ಕೆ ಅದು ಬೇಡ. ಮಣಿಪಾಲದವರೇ ಕಟ್ಟಿದ ಮಣಿಪಾಲ್ ಟೀಚಿಂಗ್ ಹಾಸ್ಪಿಟಲ್ ಕೂಡ ಈ ಊರಿನಲ್ಲಿದೆ. ವಿಳಾಸ ಬರೆದಿಟ್ಟುಕೊಳ್ಳಿ, ಮೇಲೆ ಆರೋಗ್ಯ ಕೆಟ್ಟರೆ ಇಳಿದು ಬರುವುದು ಇಲ್ಲಿಗೇ.

ಮೇಲಿನ ದಾರಿಯನ್ನು ಹೀಗೆ ಹಂಚಿಕೊಳ್ಳಿ. ಮೊದಲ ದಿನ ಬೇನಿ ಮೂಲಕ ತಾತೋಪಾನಿ. ಅಲ್ಲಿ ಬಿಸಿನೀರಿನ ಬುಗ್ಗೆ ಇದೆ. ಸಂಜೆ ಅದರಲ್ಲಿ ಕಾಲು ಇಳಿಬಿಟ್ಟರೆ ಹಿಂದಿನ ಸೀಟಿನ ನೋವೆಲ್ಲ ಇಳಿಯುತ್ತದೆ. ಎರಡನೆಯ ದಿನ ಘಾಸಾ, ಕಾಲೋಪಾನಿ, ತುಕುಚೆ ದಾಟಿ ಮಾರ್ಫಾ. ಸೇಬಿನ ತೋಟಗಳ ನಡುವೆ ಬಿಳಿ ಸುಣ್ಣ ಬಳಿದ ಕಲ್ಲಿನ ಮನೆಗಳ ಊರು. ಮೂರನೆಯ ದಿನ ಬೆಳಿಗ್ಗೆ ಜೊಮ್‌ಸೊಮ್ ಮೂಲಕ ಮುಕ್ತಿನಾಥ.

ಈ ದಾರಿಯ ಒಂದು ಬದಿಗೆ 8,167 ಮೀಟರ್‌ನ ಧೌಲಗಿರಿ, ಇನ್ನೊಂದು ಬದಿಗೆ 8,091 ಮೀಟರ್‌ನ ಅನ್ನಪೂರ್ಣಾ. ನಡುವಿನ ಆಳದಲ್ಲಿ ನದಿ, ನದಿಯ ಪಕ್ಕ ನೀವು. ಅಷ್ಟು ದೊಡ್ಡದರ ಮುಂದೆ ಮಾತು ತಾನಾಗಿ ನಿಲ್ಲುತ್ತದೆ. ಹಿಂದೆ ಕೂತವರಿಗೆ ಸಿಗುವ ಭಾಗ್ಯ ಇದು: ಕತ್ತೆತ್ತಿ ಪೂರ್ತಿ ನೋಡಬಹುದು. ಓಡಿಸುವವರಿಗೆ ನೋಡಬೇಕು ಅನ್ನಿಸಿದರೆ ಗಾಡಿ ನಿಲ್ಲಿಸಿಯೇ ನೋಡಬೇಕು, ಒಂದು ಕಡೆ ಪ್ರಪಾತ.

ಬೇನಿಯಿಂದ ಮೇಲೆ ಡಾಂಬರು ಬಂದು ಹೋಗುತ್ತದೆ. ನಡುವೆ ಜಲ್ಲಿ, ಕೆಸರು, ರಸ್ತೆಗೆ ಅಡ್ಡ ಹರಿಯುವ ತೊರೆ. ತೊರೆ ಬಂದಾಗ ಹಿಂದಿನವರು ಇಳಿದು ನಡೆಯಿರಿ. ಆಚೆಯಿಂದ ಜೀಪು ದಾಟುವುದನ್ನು ನೋಡಿ ಆಳ ತಿಳಿದುಕೊಳ್ಳಿ. ಮೊದಲ ಗೇರಿನಲ್ಲಿ, ಕ್ಲಚ್ ಒತ್ತದೆ, ಒಂದೇ ವೇಗದಲ್ಲಿ ದಾಟಿಸಬೇಕು. ತಿರುವಿನಲ್ಲಿ ಎದುರಿಂದ ಬಸ್ಸು ಬಂದರೆ ಬೆಟ್ಟದ ಬದಿಗೆ ನಿಲ್ಲಿ, ಪ್ರಪಾತದ ಬದಿಗೆ ಸರಿಯಬೇಡಿ.

ಇನ್ನೊಂದು ಅಪಾಯ ಗಾಳಿಯದ್ದು. ಈ ಕಣಿವೆಯಲ್ಲಿ ಬೆಳಿಗ್ಗೆ 11ರ ಹೊತ್ತಿಗೆ ಕೆಳಗಿನಿಂದ ಗಾಳಿ ಏಳುತ್ತದೆ, ಮಧ್ಯಾಹ್ನ ಬೈಕನ್ನೇ ಪಕ್ಕಕ್ಕೆ ನೂಕುವಷ್ಟು ಜೋರು, ಜೊತೆಗೆ ಮರಳು. ಜೊಮ್‌ಸೊಮ್‌ಗೆ ಬರುವ ಸಣ್ಣ ವಿಮಾನಗಳೂ ಬೆಳಿಗ್ಗೆಯೇ ಹಾರಿ ಮುಗಿಸುವುದು ಇದೇ ಕಾರಣಕ್ಕೆ. ನೀವೂ ಆರು ಗಂಟೆಗೆ ಹೊರಟು 11ರೊಳಗೆ ಸವಾರಿ ಮುಗಿಸಿ.

ಊಟದ ಚಿಂತೆ ಬೇಡ. ಈ ಕಣಿವೆಯ ಥಕಾಲಿ ಜನರ ಅಡುಗೆಮನೆಗಳಲ್ಲಿ ದಾಲ್ ಭಾತ್ ಬಿಸಿಬಿಸಿ ಬಡಿಸುತ್ತಾರೆ, ಮತ್ತೆ ಮತ್ತೆ ಹಾಕುತ್ತಾರೆ. ಸಸ್ಯಾಹಾರ ಎಂದು ಮೊದಲೇ ಹೇಳಿ. ಕುಚ್ಚಲಕ್ಕಿ ತಿಂದು ಬೆಳೆದ ಹೊಟ್ಟೆಗೆ ಅಲ್ಲಿನ ಬೆಳ್ತಿಗೆ ಅನ್ನ ಬೇಗ ಕರಗಿದ ಹಾಗಾಗುತ್ತದೆ, ಚಟ್ನಿಪುಡಿ ಅವಲಕ್ಕಿ ಚೀಲದಲ್ಲಿದ್ದರೆ ಧೈರ್ಯ.

ಎತ್ತರದ ಮಾತು

ಪೋಖರಾ 800 ಮೀಟರ್ ಆಸುಪಾಸು, ಜೊಮ್‌ಸೊಮ್ 2,700, ಮುಕ್ತಿನಾಥ 3,700 ಮೀಟರ್‌ಗೂ ಮೇಲೆ. ಸಮುದ್ರ ದಂಡೆಯವರಿಗೆ ಇದು ಸಣ್ಣ ಏರಿಕೆಯಲ್ಲ. 2,500 ಮೀಟರ್ ದಾಟಿದ ಮೇಲೆ ತಲೆನೋವು, ವಾಕರಿಕೆ, ನಿದ್ದೆ ಬಾರದಿರುವುದು ಶುರುವಾದರೆ ಮೇಲೆ ಹೋಗಬೇಡಿ. ವಾಂತಿ, ತೂರಾಟ, ಕೂತಲ್ಲೇ ಉಸಿರು ಕಟ್ಟುವುದು ಕಂಡರೆ ರಾತ್ರಿಯಾದರೂ ಜೀಪು ಹಿಡಿದು ಇಳಿಯಿರಿ. ಎತ್ತರದ ಕಾಯಿಲೆ ತಡೆಯಲು ತೆಗೆದುಕೊಳ್ಳುವ ಡಯಮಾಕ್ಸ್ ಮಾತ್ರೆಯ ಬಗ್ಗೆ ಊರಿನಲ್ಲೇ ವೈದ್ಯರನ್ನು ಕೇಳಿ, ಬಿಪಿ, ಹೃದಯದ ತೊಂದರೆ ಇರುವವರು ಕೇಳದೆ ಹೊರಡಲೇಬೇಡಿ. ಮುಕ್ತಿನಾಥದಲ್ಲಿ ಮಲಗುವುದಕ್ಕಿಂತ ದರ್ಶನ ಮುಗಿಸಿ ಕಾಗ್‌ಬೇನಿಗೋ ಮಾರ್ಫಾಕ್ಕೋ ಇಳಿದು ಮಲಗಿ. ಚಳಿಯಲ್ಲಿ ಹಿಂದೆ ಕೂತವರು ಅಲುಗಾಡದೆ ಇರುವುದರಿಂದ ಬೇಗ ಮರಗಟ್ಟುತ್ತಾರೆ. ಮಾತು ಕಮ್ಮಿಯಾದರೆ ನಿಲ್ಲಿಸಿ ನೋಡಿ.

ಬೈಕ್ ರಾನಿಪೌವಾ ಹಳ್ಳಿಯವರೆಗೆ. ಅಲ್ಲಿಂದ ಅರ್ಧ ಗಂಟೆ ನಡಿಗೆ, ಮೆಟ್ಟಿಲು. ನಿಧಾನವಾಗಿ ಹತ್ತಿ. ಗುಡಿಯ ಹಿಂದೆ 108 ಧಾರೆಗಳಿಂದ ಮಂಜಿನಂಥ ನೀರು ಬೀಳುತ್ತದೆ. ಸ್ನಾನ ಮಾಡುವುದಿದ್ದರೆ ಒಣ ಬಟ್ಟೆ, ಟವೆಲ್ ಕೈಗೆಟಕುವಂತೆ ಇಟ್ಟುಕೊಂಡೇ ಇಳಿಯಿರಿ. ವೈಷ್ಣವರಿಗೂ ಬೌದ್ಧರಿಗೂ ಇದು ಪುಣ್ಯಸ್ಥಳ.

ವಾಪಸು

ಕಾಠ್ಮಂಡು ಸೇರಿಸಿಕೊಳ್ಳುವುದಾದರೆ ಪೋಖರಾದಿಂದ 200 ಕಿಲೋಮೀಟರ್. ಧೂಳು, ಲಾರಿ ಜಾಸ್ತಿ, ಪೂರ್ತಿ ಹಗಲು ಬೇಕು. ಪಶುಪತಿನಾಥದಲ್ಲಿ ಗರ್ಭಗುಡಿಯ ಪೂಜೆ ಮಾಡುವ ಭಟ್ಟರು ಪರಂಪರೆಯಿಂದ ದಕ್ಷಿಣದವರು, ಕರ್ನಾಟಕದಿಂದ ಹೋದವರು. ಚರ್ಮದ ಬೆಲ್ಟು, ಪರ್ಸು ಹೊರಗಿಟ್ಟು ಹೋಗಿ. ಅಲ್ಲಿಂದ ರಕ್ಸೌಲ್ ಗಡಿ ಹತ್ತಿರ.

ಪೊಲೀಸ್ 100, ಆಂಬುಲೆನ್ಸ್ 102, ಪ್ರವಾಸಿ ಪೊಲೀಸ್ 1144. ಮೂರನ್ನೂ ಇಬ್ಬರ ಮೊಬೈಲಿನಲ್ಲೂ ಹಾಕಿಕೊಳ್ಳಿ.

ಗಡಿ ದಾಟುವಾಗ ಭಂಸಾರ್ ಕಚೇರಿಯಲ್ಲಿ ಚೀಟಿ ತೋರಿಸಿಯೇ ಹೊರಬನ್ನಿ. ಭಾರತದ ಗಾಡಿಗೆ ವರ್ಷಕ್ಕೆ 30 ದಿನದ ಮಿತಿ ಇದೆ, ಲೆಕ್ಕ ಮುಚ್ಚದೆ ಬಂದರೆ ಮುಂದಿನ ಸಲ ತಕರಾರು. ಮನೆಯ ದಾರಿಯ ಎರಡು ಸಾವಿರಕ್ಕೂ ಹೆಚ್ಚು ಕಿಲೋಮೀಟರ್ ಓಡಿಸಲು ಇಬ್ಬರಿಗೂ ಚೈತನ್ಯ ಇದ್ದರೆ ಓಡಿಸಿ. ಇಲ್ಲದಿದ್ದರೆ ಗೋರಖ್‌ಪುರದಲ್ಲೋ ದಿಲ್ಲಿಯಲ್ಲೋ ಬೈಕನ್ನು ಪಾರ್ಸೆಲ್ ಹಾಕಿ ನೀವೂ ರೈಲು ಹತ್ತಿ. ಊರಿನ ಸ್ಟೇಷನ್‌ನಲ್ಲಿ ಬಿಡಿಸಿಕೊಳ್ಳುವಾಗ ರಸೀದಿ ಕೈಯಲ್ಲಿರಲಿ, ಒಂದು ಲೀಟರ್ ಪೆಟ್ರೋಲ್ ತರಲು ಯಾರಿಗಾದರೂ ಹೇಳಿಟ್ಟಿರಿ. ಸರ್ವಿಸ್ ಮಾಡಿಸುವಾಗ ಎಂಜಿನ್ ಎಣ್ಣೆ, ಏರ್ ಫಿಲ್ಟರ್ ಬದಲಿಸಿ, ಫೋರ್ಕಿನ ಸೀಲು ಮತ್ತು ಚಕ್ರದ ಬೇರಿಂಗನ್ನು ನೋಡಿಸಿ. ಕಾಳಿಗಂಡಕಿ ಕಣಿವೆಯ ಮರಳು ಹೋಗಿ ಕೂರುವುದು ಅಲ್ಲಿಯೇ.